ಅಶ್ವತ್ಥನಾರಾಯಣರು ಕಾರು ಆರಿಸಿದ್ದು

ನ್ಯೂ ಜರ್ಸಿಯ ಹಿಲ್ಸ್‌ಬರೋದ ಅಶ್ವತ್ಥನಾರಾಯಣರಿಗೆ ಒಂದು ಕಾರು ಆರಿಸಲು ಚಳಿಗಾಲ ಪೂರ್ತಿ ಸಾಲಲಿಲ್ಲ. ಅಲ್ಲ ಸ್ವಾಮಿ, ಮನುಷ್ಯ ಸೇತುವೆ ಕಟ್ಟಿಸುವ ಇಂಜಿನಿಯರು. ಯಾವ ಕಂಬ ಎಷ್ಟು ಭಾರ ಹೊರುತ್ತದೆಂದು ಕೂತಲ್ಲೇ ಹೇಳಬಲ್ಲವರು. ಅಂಥವರು ಎರಡು ಕಾರುಗಳ ನಡುವೆ ಸಿಕ್ಕಿಹಾಕಿಕೊಂಡು ಹಿಮ ಬಿದ್ದು, ಕರಗಿ, ಮತ್ತೆ ಬಿದ್ದು, ಮತ್ತೆ ಕರಗುವವರೆಗೆ ಒದ್ದಾಡಿದರೆಂದರೆ ಯಾರಾದರೂ ನಗದೆ ಇರುತ್ತಾರೆಯೇ? ಕನ್ನಡ ಕೂಟದ ಯುಗಾದಿ ಊಟದಲ್ಲಿ ಹೋಳಿಗೆ ಬಡಿಸುತ್ತಿದ್ದ ಹುಡುಗಿಯರು ಕೂಡ "ಏನ್ ಅಂಕಲ್, ಹೆಣ್ಣು ಒಪ್ಪಿಗೆ ಆಯ್ತಾ ಇಲ್ವಾ?" ಎಂದು ಕಾಲೆಳೆದರು. ಅವರು ನಕ್ಕು, ಇನ್ನೊಂದು ಚಮಚ ತುಪ್ಪ ಹಾಕಿಸಿಕೊಂಡರು.

ಎರಡೂ ಒಂದೇ ಜರ್ಮನ್ ಕಂಪನಿಯ, ಒಂದೇ ಹೆಸರಿನ ಸ್ಪೋರ್ಟ್ಸ್ ಸೆಡಾನುಗಳು. ನೋಡಲು ನಾಲ್ಕು ಬಾಗಿಲಿನ ಸಂಸಾರಸ್ಥ ಕಾರು, ಡಿಕ್ಕಿಯಲ್ಲಿ ಸೋನಾ ಮಸೂರಿ ಚೀಲ ಹಾಕಿಕೊಂಡು ಬರಬಹುದು. ಆಕ್ಸಿಲರೇಟರ್ ಒತ್ತಿದಾಗಲೇ ಅದರ ಅಸಲಿ ಗುಣ ಗೊತ್ತಾಗುವುದು. ಒಂದು ಹಿಂದಿನ ತಲೆಮಾರಿನದು: ಕೈಯಲ್ಲಿ ಹಾಕುವ ಗೇರು, ಗಂಟಲು ಬಿಚ್ಚಿ ಹಾಡುವ ಎಂಟು ಸಿಲಿಂಡರಿನ ಎಂಜಿನ್ನು, ರಸ್ತೆಯ ಸಣ್ಣ ಹರಳನ್ನೂ ಅಂಗೈಗೆ ಮುಟ್ಟಿಸುವ ಸ್ಟಿಯರಿಂಗ್. ಇನ್ನೊಂದು ಅದರ ನಂತರದ ತಲೆಮಾರು: ಟರ್ಬೊ, ಇನ್ನೂ ಹೆಚ್ಚು ವೇಗ, ಗೇರು ತಾನೇ ಬದಲಾಗುತ್ತದೆ, ಪಕ್ಕದಲ್ಲಿ ಇನ್ನೊಂದು ಕಾರು ಬಂದರೆ ಬಾಗಿಲಿನ ಕನ್ನಡಿಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ದೀಪ ಹೊತ್ತಿಕೊಳ್ಳುತ್ತದೆ.

ಇಂಥ ಕಾರು ಈ ವಯಸ್ಸಿನಲ್ಲಿ ಯಾಕೆ ಬೇಕಿತ್ತು ಎಂದರೆ, ಟ್ರ್ಯಾಕ್ ಡೇಗೆ. ದಕ್ಷಿಣ ಜರ್ಸಿಯ ಬಯಲಿನಲ್ಲಿ ಸುತ್ತುಬಳಸಿ ಹರಿಯುವ ಡಾಂಬರಿನ ಹಾದಿಯೊಂದಿದೆ. ಹೆಲ್ಮೆಟ್ ಹಾಕಿಕೊಂಡು, ಸ್ವಂತ ಕಾರಿನಲ್ಲಿ, ಪೊಲೀಸರ ಭಯವಿಲ್ಲದೆ ಅಲ್ಲಿ ಓಡಿಸಬಹುದು. ರೇಸ್ ಅಲ್ಲ, ಗೆದ್ದವರೂ ಇಲ್ಲ, ಸೋತವರೂ ಇಲ್ಲ. ಕಟ್ಟುನಿಟ್ಟು ಮಾತ್ರ ಜಾಸ್ತಿ. ಮುಂದಿನವನು ಕಿಟಕಿಯಿಂದ ಕೈ ಹೊರಗೆ ಚಾಚಿ, ಈ ಕಡೆಯಿಂದ ಹೋಗು ಎಂದು ತೋರಿಸುವ ತನಕ ಹಿಂದಿನವನು ದಾಟುವಂತಿಲ್ಲ, ಅವನ ಕಾರು ಎಷ್ಟೇ ಜೋರಾಗಿರಲಿ. ಅಶ್ವತ್ಥನಾರಾಯಣರಿಗೆ ಈ ಪದ್ಧತಿ ಕಂಡರೆ ಬಹಳ ಪ್ರೀತಿ. ವಾರವಿಡೀ ರೂಟ್ ೨೦೬ರ ಟ್ರಾಫಿಕ್ಕಿನಲ್ಲಿ ಯಾರೂ ಯಾರಿಗೂ ದಾರಿ ಬಿಡದ್ದನ್ನು ನೋಡಿ ಬೇಸತ್ತವರಿಗೆ, ಅಷ್ಟು ವೇಗದಲ್ಲೂ "ನೀವು ಮೊದಲು ಹೋಗಿ" ಎನ್ನುವ ಜನರ ನಡುವೆ ಇರುವುದು ಹಬ್ಬದಂತೆ ಅನ್ನಿಸುತ್ತಿತ್ತು. ಮಗಳು ಗಾರ್ಗಿ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಹಿಡಿದ ಹುಚ್ಚು ಅದು. ಅಷ್ಟೂ ವರ್ಷ ಜೊತೆಗಿದ್ದ ಕಾರು ಹೋದ ಶರತ್ಕಾಲದಲ್ಲಿ ಮುದಿಯಾಗಿ ಗುಜರಿ ಸೇರಿತು.

ಅದೇ ಶರತ್ಕಾಲದಲ್ಲಿ ಕಣ್ಣಿನ ಡಾಕ್ಟರು ಅವರನ್ನು ಕೂರಿಸಿಕೊಂಡು ವಿಷಯ ಹೇಳಿದರು. ಗ್ಲಾಕೋಮಾ. ಎಡಬದಿಯ ನೋಟ ಆಗಲೇ ಸವೆದುಹೋಗಿದೆ, ಹೋದದ್ದು ವಾಪಸು ಬರುವುದಿಲ್ಲ, ಡ್ರಾಪ್ಸ್ ಹಾಕಿ ಉಳಿದದ್ದನ್ನು ಕಾಪಾಡಿಕೊಳ್ಳಬೇಕು. ಹಗಲು ಹೊತ್ತು, ನಿಧಾನವಾಗಿ, ಊರೊಳಗೆ ಸದ್ಯಕ್ಕೆ ಓಡಿಸಬಹುದು. ಟ್ರ್ಯಾಕಿನ ಮಾತೆತ್ತಿದ್ದಕ್ಕೆ ಡಾಕ್ಟರು ಪೆನ್ನು ಕೆಳಗಿಟ್ಟು ಅವರ ಮುಖವನ್ನೇ ನೋಡಿದರು.

ಮನೆಗೆ ಬಂದು ಹೆಂಡತಿ ರಮಾಮಣಿಗೆ "ಪವರ್ ಸ್ವಲ್ಪ ಜಾಸ್ತಿ ಆಗಿದೆಯಂತೆ, ಕಣ್ಣು ಡ್ರೈ ಆಗಿದೆಯಂತೆ, ಡ್ರಾಪ್ಸ್ ಕೊಟ್ಟಿದ್ದಾರೆ" ಎಂದರು. ಆ ಸುಳ್ಳು ಹೇಳಿದ ಮೇಲೆ ಶುರುವಾದದ್ದೇ ಈ ಹಳೆಯದೋ ಹೊಸದೋ ಎಂಬ ಒದ್ದಾಟ. ಜನ ತಿಳಿದಂತೆ ಅವರು ಗೇರು, ಟರ್ಬೊ ತೂಗುತ್ತಿರಲಿಲ್ಲ. ಹಳೆಯದು ಅವರ ಜೀವ. ಹೊಸದರಲ್ಲಿ ಆ ಕಿತ್ತಳೆ ದೀಪವಿತ್ತು. ದೀಪದ ನೆಪದಲ್ಲಿ ಇನ್ನೊಂದು ಬೇಸಿಗೆ, ಒಂದೇ ಒಂದು ಬೇಸಿಗೆ, ದೇವರ ಕಣ್ಣು ತಪ್ಪಿಸಿ ಓಡಿಸಿಬಿಡಬಹುದೇ ಎಂಬುದೇ ಅವರ ಲೆಕ್ಕಾಚಾರ.

ಹ್ಯಾರಿಸನ್ನಿನ ಅಪಾರ್ಟ್‌ಮೆಂಟಿನಿಂದ ದಿನವೂ ಮ್ಯಾನ್‌ಹಟನ್‌ಗೆ ಕಮ್ಯೂಟ್ ಮಾಡುವ ಗಾರ್ಗಿ, ಟ್ರೇನಿಗೆ ಕಾಯುತ್ತಾ ಫೋನಿನಲ್ಲಿ ಹೇಳಿದಳು: "ಅಪ್ಪಾ, ಜಸ್ಟ್ ಗೆಟ್ ದ ನ್ಯೂ ಒನ್. ಇಟ್ಸ್ ಸೇಫರ್."

"ಸೇಫ್ ಯಾಕಮ್ಮಾ? ನಾನೇನು ಮುದುಕನಾ?" ಎಂದು ಸಿಡುಕಿ ಫೋನಿಟ್ಟರು. ಮಗುವಿನ ಮೇಲೆ ಯಾಕೆ ಹರಿಹಾಯ್ದೆ ಎಂದು ಆಮೇಲೆ ಬಹಳ ಹೊತ್ತು ಗ್ಯಾರೇಜಿನಲ್ಲಿ ಒಬ್ಬರೇ ನಿಂತಿದ್ದರು.

ಡೀಲರನ ಬಳಿ ಹೊಸದನ್ನು ಓಡಿಸಿ ನೋಡಿದ್ದೂ ಆಯಿತು. ಹೈವೇಯಲ್ಲಿ ಎಡಗಡೆ ಕನ್ನಡಿಯ ದೀಪ ಹೊತ್ತಿಕೊಂಡಿತು. ಅವರಿಗೆ ಅಲ್ಲಿ ಏನೂ ಕಾಣಲಿಲ್ಲ. ಕತ್ತು ಪೂರ್ತಿ ತಿರುಗಿಸಿದರೆ, ಅಯ್ಯೋ ಶಿವನೇ, ಆನೆ ಗಾತ್ರದ ಟ್ರಕ್ಕು! ಬೆವರಿಹೋದರು. ಮರುಗಳಿಗೆಯೇ ಒಳಗೊಳಗೆ ಖುಷಿಯೂ ಆಯಿತು, ದೀಪ ಕೆಲಸ ಮಾಡುತ್ತದಲ್ಲ ಎಂದು. ಕಾರು ನುಣ್ಣಗೆ ಓಡಿತು, ಆದರೆ ಸ್ಟಿಯರಿಂಗ್ ಅವರ ಕೈಗೆ ಏನನ್ನೂ ಹೇಳಲಿಲ್ಲ. ನಾಳೆ ತಿಳಿಸುತ್ತೇನೆಂದು ಎದ್ದು ಬಂದರು. ಆ ನಾಳೆ ಮೇ ತಿಂಗಳವರೆಗೆ ಬರಲೇ ಇಲ್ಲ.

ಹಳೆಯದು ಇದ್ದದ್ದು ವುಡ್‌ಬ್ರಿಡ್ಜಿನ ಹಲ್ಲಿನ ಡಾಕ್ಟರು ಬಸವಪ್ರಸಾದರ ಬಳಿ. ಹುಬ್ಬಳ್ಳಿಯವರು, ಟ್ರ್ಯಾಕಿನಲ್ಲೇ ಪರಿಚಯವಾದವರು. ಮೂರನೆಯ ಮಗು ಹುಟ್ಟಿ, ಮಿನಿವ್ಯಾನ್ ಬೇಕೇಬೇಕೆಂದು ಹೆಂಡತಿ ಹಟ ಹಿಡಿದಿದ್ದರಿಂದ ಇದನ್ನು ಮಾರಲು ಹೊರಟಿದ್ದರು.

"ಸುಮ್ನ ಯಾಕ್ರೀ ತಲಿ ಕೆಡಿಸ್ಕೋತೀರಿ?" ಎಂದರು ಬಸವಪ್ರಸಾದ್. "ಈ ಸಲ ಟ್ರ್ಯಾಕಿಗೆ ಬರ್ರಿ. ನನ್ನ ಗಾಡಿ ನೀವ ಓಡಸ್ರಿ, ನಾ ಬಾಜೂಕ ಕುಂದರ್ತೀನಿ. ಕೈಯಾಗ ಹಿಡದ ಮ್ಯಾಲೆ ನಿಮಗ ತಿಳೀತದ."

ಬೇಡ ಎನ್ನಬೇಕಿತ್ತು. ಬಾಯಿ "ಆಗಲಿ" ಎಂದಿತು.

ಶನಿವಾರ ಬೆಳಿಗ್ಗೆ ರಮಾಮಣಿ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಜೊತೆಗೆ ಹೊರಟರು. ಕಮ್ಯೂನಿಟಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುವ ಹೆಂಗಸು. ಕಾರಿನ ವಿಷಯ ಅಷ್ಟಕ್ಕಷ್ಟೇ. ಗಂಡ ಅಲ್ಲಿ ಸುತ್ತು ಹಾಕುವಾಗ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಪರೀಕ್ಷೆಯ ಪೇಪರು ತಿದ್ದುವುದು ಅವರ ವಾಡಿಕೆ.

ಹಳೆಯ ಕಾರು ಹೇಗಿತ್ತೆಂದು ಏನು ಹೇಳಲಿ! ಎರಡನೆಯ ಸುತ್ತಿಗೇ ಅಶ್ವತ್ಥನಾರಾಯಣರಿಗೆ ಅದು ಒಗ್ಗಿಬಿಟ್ಟಿತು. ತಿರುವಿನಲ್ಲಿ ಟೈರು ಎಷ್ಟು ಹಿಡಿದಿದೆ, ಇನ್ನೆಷ್ಟು ಉಳಿದಿದೆ ಎಂದು ಅಂಗೈಗೆ ಗೊತ್ತಾಗುತ್ತಿತ್ತು. ಉದ್ದನೆಯ ನೇರ ಹಾದಿಯಲ್ಲಿ ಮೂರರಿಂದ ನಾಲ್ಕಕ್ಕೆ ಗೇರು ಎಳೆದಾಗ ಎಂಜಿನ್ನು ಕೂಗಿದ ಕೂಗಿಗೆ, ಹೆಲ್ಮೆಟ್ಟಿನೊಳಗೆ ಅವರೂ ಹುಡುಗನಂತೆ ಕೂಗಿದರು. ಬಸವಪ್ರಸಾದ್ "ಭಾರೀ ಐತಿ, ಹೌದಿಲ್ಲೋ!" ಎಂದು ತೊಡೆ ತಟ್ಟಿಕೊಂಡರು. ಕಣ್ಣಿನ ವಿಷಯ ಅಶ್ವತ್ಥನಾರಾಯಣರಿಗೆ ಮರೆತೇಹೋಗಿತ್ತು.

ಹಿಂದೆ ಕೆಂಪು ಕಾರೊಂದು ಹತ್ತಿರವಾಯಿತು. ಅಶ್ವತ್ಥನಾರಾಯಣರು ನೇರ ಹಾದಿಗೆ ಬರುತ್ತಲೇ ಕಿಟಕಿಯಿಂದ ಕೈ ಚಾಚಿ, ಎಡಗಡೆಯಿಂದ ಹೋಗು ಎಂದು ತೋರಿಸಿದರು. ವೇಗ ತಗ್ಗಿಸಿ ಕಾದರು. ಕೆಂಪು ಕಾರು ಮುಂದೆ ಕಾಣಿಸಲಿಲ್ಲ. ನಡುವಿನ ಕನ್ನಡಿಯಲ್ಲೂ ಇಲ್ಲ. ಆ ಕಾರಿನವನು ಹಿಂದೆಯೇ ಉಳಿದನೇನೋ ಎಂದುಕೊಂಡು, ಮುಂದಿನ ತಿರುವಿಗೆ ಕಾರನ್ನು ಎಡಕ್ಕೆ ಹೊರಳಿಸಿದರು.

"ಎಡಕ್ಕ ಅದಾನ್ರೀ! ಎಡಕ್ಕ!"

ಬಸವಪ್ರಸಾದ್ ಸ್ಟಿಯರಿಂಗಿಗೆ ಕೈ ಹಾಕಿ ಬಲಕ್ಕೆ ಎಳೆದರು. ಎರಡು ಕಾರುಗಳ ನಡುವೆ ಗೇಣು ಜಾಗ ಉಳಿದಿತ್ತೋ ಇಲ್ಲವೋ. ಕೆಂಪು ಕಾರು ಹುಲ್ಲಿಗಿಳಿದು, ಧೂಳೆಬ್ಬಿಸಿ, ಹೇಗೋ ಮತ್ತೆ ಹಾದಿಗೆ ಬಂತು.

ಕಾರು ನಿಲ್ಲಿಸುವ ಜಾಗಕ್ಕೆ ಬಂದು ಅಶ್ವತ್ಥನಾರಾಯಣರು ಕೆಳಗಿಳಿದರು. ಕೆಂಪು ಕಾರಿನವನು ಹೆಲ್ಮೆಟ್ ತೆಗೆಯುತ್ತಾ ಬಂದ. ಗಾರ್ಗಿಯ ವಯಸ್ಸಿನವನು. ಇವರು ಎರಡೂ ಕೈ ಜೋಡಿಸಿದರು. "ಇಟ್ಸ್ ಓಕೆ, ಸರ್" ಎಂದ ಅವನು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

ಅವನು ಹೋದ ಮೇಲೆ ಬಸವಪ್ರಸಾದ್ ಮೆಲ್ಲಗೆ ಕೇಳಿದರು: "ನೀವ ಕೈ ಮಾಡಿ ಕರದ್ರಿ ಅವನ್ನ. ಮತ್ತ ನೀವ ಅವನ ಮ್ಯಾಲೆ ಹೊಂಟ್ರಿ. ಏನಾತ್ರೀ?"

"ಕಾಣಿಸಲಿಲ್ಲ," ಎಂದರು ಅಶ್ವತ್ಥನಾರಾಯಣರು. ಹೋದ ವರ್ಷದಿಂದ ಯಾರಿಗೂ ಹೇಳದ ಮಾತು. "ಎಡಗಡೆ ನನಗೆ ಕಾಣಿಸೋದಿಲ್ಲ, ಬಸವಪ್ರಸಾದ್."

ಬಸವಪ್ರಸಾದ್ ಬೈಯಲಿಲ್ಲ. "ಹಂಗಾರ ಹೊಸಾದು ತಗೋರಿ. ಅದರಾಗ ದೀಪ ಐತಲ್ಲ," ಎಂದರು.

ಅದೇ ಮಾತನ್ನು ಚಳಿಗಾಲವಿಡೀ ತಮಗೆ ತಾವೇ ಹೇಳಿಕೊಂಡಿದ್ದವರಿಗೆ, ಈಗ ಬೇರೆಯವರ ಬಾಯಲ್ಲಿ ಕೇಳಿದಾಗ ನಾಚಿಕೆಯಾಯಿತು. "ಬಾ ಅಂತ ಕೈ ತೋರಿಸಿದವನು ನಾನು. ನನ್ನ ನಂಬಿ ಬಂದ ಹುಡುಗ. ದೀಪ ಒಂದು ಗಳಿಗೆ ತಡವಾದ್ರೆ ಅವನ ತಾಯಿಗೆ ಏನು ಹೇಳಲಿ? ಇಲ್ಲ. ಮುಗೀತು."

ರಮಾಮಣಿ ಮರದ ಕೆಳಗೆ ಪೇಪರು ತಿದ್ದುತ್ತಿದ್ದರು. ಅಶ್ವತ್ಥನಾರಾಯಣರು ಪಕ್ಕದಲ್ಲಿ ಹುಲ್ಲಿನ ಮೇಲೆ ಕೂತು, ಡಾಕ್ಟರು ಹೇಳಿದ್ದು, ಡ್ರಾಪ್ಸಿನ ಸುಳ್ಳು, ಈಗ ನಡೆದದ್ದು, ಎಲ್ಲ ಹೇಳಿದರು. ರಮಾಮಣಿ ಪೆನ್ನಿನ ಕ್ಯಾಪು ಹಾಕಿದರು.

"ತಟ್ಟೆಯ ಎಡಗಡೆ ಬಡಿಸಿದ ಉಪ್ಪಿನಕಾಯಿ ಮುಟ್ಟದೇ ಏಳ್ತಿದ್ರಲ್ಲ," ಎಂದರು. "ಬಿಪಿ ಅಂತ ಬಿಟ್ಟಿದ್ದೀರಿ, ಬಾಯಿಬಿಟ್ಟು ಹೇಳೋಕೆ ಸಂಕೋಚ ಅಂದ್ಕೊಂಡೆ. ಪಾಪ, ಆಸೆ ಆಗಬಾರದು ಅಂತ ಬಡಿಸೋದೇ ನಿಲ್ಲಿಸಿದೆ. ನೀವು ಕೇಳಲೂ ಇಲ್ಲ."

"ನೀನೇ ಮಾಡೋದು ಬಿಟ್ಟಿದ್ದೀಯ ಅಂದ್ಕೊಂಡಿದ್ದೆ."

"ನಮ್ಮಿಬ್ಬರ ಬುದ್ಧಿಗಿಷ್ಟು!" ಎಂದು ರಮಾಮಣಿ ಹಣೆ ಚಚ್ಚಿಕೊಂಡರು. ಆಮೇಲೆ ಸಿಟ್ಟು ಬಂತು. "ಆ ಹುಡುಗನಿಗೆ ಏನಾದ್ರೂ ಆಗಿದ್ರೆ? ನಿಮಗೆ ಆಗಿದ್ರೆ? ನನ್ನ ಹತ್ರ ಮುಚ್ಚಿಡೋವಂಥದ್ದೇನ್ರೀ ಇದು?"

"ಹೇಳಿದ್ರೆ ನಿಜ ಆಗಿಬಿಡುತ್ತಲ್ಲ ಕಣೆ. ಇನ್ನೊಂದೇ ಒಂದು ಬೇಸಿಗೆ ಓಡಿಸೋಣ ಅಂತ ಆಸೆ." ಅಷ್ಟು ದೊಡ್ಡ ಮನುಷ್ಯ ಹೆಲ್ಮೆಟ್ಟನ್ನು ಮಡಿಲಲ್ಲಿಟ್ಟುಕೊಂಡು ಅತ್ತುಬಿಟ್ಟರು. ರಮಾಮಣಿ ಅವರನ್ನು ಅಳಲು ಬಿಟ್ಟರು. ಅತ್ತು ಮುಗಿದ ಮೇಲೆ ಪುಳಿಯೋಗರೆಯ ಡಬ್ಬಿ ತೆಗೆದು ಅವರ ಬಲಗಡೆಗೆ ಇಟ್ಟರು.

ಊಟದ ನಡುವೆ ಕೇಳಿದರು: "ಈ ಹಳೇ ಕಾರು ಅಂದ್ರೆ ನಿಮಗೆ ಅಷ್ಟು ಇಷ್ಟಾನಾ?"

"ಪ್ರಾಣ."

"ಹಾಗಾದ್ರೆ ತಗೊಳ್ಳಿ. ನಾನು ಓಡಿಸ್ತೀನಿ, ನೀವು ಪಕ್ಕದಲ್ಲಿ ಕೂತ್ಕೊಳ್ಳಿ. ಈ ಹುಚ್ಚಾಟಕ್ಕೆಲ್ಲ ಬರಲ್ಲ, ಊರೊಳಗೆ ಮಾತ್ರ."

ಜನ್ಮದಲ್ಲಿ ಕ್ಲಚ್ ಮುಟ್ಟದ ಹೆಂಗಸು! ಅಶ್ವತ್ಥನಾರಾಯಣರಿಗೆ ಅಷ್ಟು ಅತ್ತ ಮೇಲೂ ನಗು ಬಂತು. ಆದರೆ ಕಾರು ತಗೊಂಡರು. ಯುಗಾದಿಯಿಂದ ಕೇಳುತ್ತಿದ್ದವರಿಗೆಲ್ಲ ಉತ್ತರ ಸಿಕ್ಕಿತು: ಹಳೆಯದು.

ಜೂನಿನ ಒಂದು ಭಾನುವಾರ ಇಬ್ಬರೂ ಹೈಸ್ಕೂಲಿನ ಖಾಲಿ ಪಾರ್ಕಿಂಗ್ ಲಾಟಿಗೆ ಹೋದರು. ರಮಾಮಣಿ ಸ್ಟಿಯರಿಂಗ್ ಹಿಡಿದು ಕೂತರು. ಕಾರು ಹಾರಿತು, ಕೆಮ್ಮಿತು, ಸತ್ತಿತು. ಮತ್ತೆ ಹಾರಿತು, ಮತ್ತೆ ಸತ್ತಿತು. "ಕಾಲೂ ನಾನೇ, ಕೈಯೂ ನಾನೇ ಅಂದ್ರೆ ಆಗಲ್ಲಪ್ಪ! ಕ್ಲಚ್ ನಾನು ಒತ್ತುತ್ತೀನಿ, ಗೇರು ನೀವು ಹಾಕಿ" ಎಂದು ರೇಗಿದರು.

ಅಶ್ವತ್ಥನಾರಾಯಣರು ಎಡಗೈ ಚಾಚಿದರು. ಈ ದೇಶದಲ್ಲಿ ಪಕ್ಕದ ಸೀಟು ಬಲಗಡೆ. ಬೆಂಗಳೂರಿನಲ್ಲಿ ಅವರು ಕಾರು ಕಲಿತಾಗ ಕೂತದ್ದೂ ಬಲಗಡೆಯೇ. ಚಾಮರಾಜಪೇಟೆಯ ಡ್ರೈವಿಂಗ್ ಸ್ಕೂಲಿನ ಮೇಷ್ಟರು ಎಡಗೈಗೆ ಬಡಿದು ಕಲಿಸಿದ್ದು, ಇಷ್ಟು ವರ್ಷವಾದರೂ ಕೈ ಮರೆತಿರಲಿಲ್ಲ. ರಮಾಮಣಿ ಕೂತ ಕಡೆ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ, ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. "ಈಗ," ಎಂದರು ರಮಾಮಣಿ. ಒಂದು ಬಿತ್ತು. "ಈಗ." ಎರಡು. ಕಾರು ಹದವಾಗಿ ಓಡಿತು. "ಈಗ." ಮೂರು. ಎಂಜಿನ್ನಿನ ದನಿ ಏರುತ್ತಾ ಬಂತು. ಅಶ್ವತ್ಥನಾರಾಯಣರು ಕಣ್ಣು ಮುಚ್ಚಿದರು. ಟ್ರ್ಯಾಕಿನ ಆ ಉದ್ದನೆಯ ನೇರ ಹಾದಿ ಪೂರ್ತಿಯಾಗಿ, ಎಡಬದಿಯೂ ಸೇರಿ, ಕಣ್ಣ ಮುಂದೆ ಬಂತು. ಮುಂದಿನ ಗೇರಿಗೆ ಕೈ ತುಡಿಯಿತು.

"ರೀ, ಬೇಲಿ ಬಂತು, ಬ್ರೇಕ್ ಹಾಕ್ಲಾ?"

"ಹಾಕು."

ಕಾರು ನಿಂತಿತು. ಗೇರಿನ ಗುಂಡಿಯ ಮೇಲೆ ಕೆತ್ತಿದ್ದ ಅಂಕಿಗಳನ್ನು ರಮಾಮಣಿ ಬಗ್ಗಿ ಓದಿದರು. "ಇಲ್ಲಿ ಇನ್ನೂ ನಾಲ್ಕು, ಐದು ಎಲ್ಲ ಇದೆಯಲ್ರೀ. ಅದನ್ನೆಲ್ಲ ಯಾವಾಗ ಹಾಕೋದು?"

"ಅದಕ್ಕೆ ಇಲ್ಲಿ ಜಾಗ ಸಾಲಲ್ಲ ಕಣೆ," ಎಂದು ಅಶ್ವತ್ಥನಾರಾಯಣರು ಮತ್ತೆ ಒಂದನೆಯ ಗೇರಿಗೆ ಹಾಕಿದರು.