ಶುಂಠಿ ಬರಹದ ಕೆಳಗಿದ್ದ ಫೋನ್ ನಂಬರ್

ಸ್ನೇಹಿತರೇ, ಇವತ್ತು ಕಟ್ಟೆಮಳಲವಾಡಿಯ ನಿಂಗಮ್ಮಕ್ಕ ಹುಣಸೂರಿನ ನನ್ನ ಅಂಗಡಿಗೆ ಬಂದು, ಕೊಳೆತ ಬಿತ್ತನೆ ಶುಂಠಿಯನ್ನು ಮೇಜಿನ ಮೇಲೆ ಸುರಿದರು.

"ನಿನ್ನ ವೆಬ್‌ಸೈಟ್ ನೋಡೇ ತರಿಸ್ದೆ ಕಣಪ್ಪ. ನೆಟ್ಟಿದ್ದೆಲ್ಲ ಕೊಳ್ತೋಯ್ತು."

"ಅಕ್ಕ, ಕಳಪೆ ಬಿತ್ತನೆ ಕೊಳ್ಳಬೇಡಿ ಅಂತಲ್ವಾ ನಾನು ಬರ್ದಿದ್ದು?"

"ಓದ್ದೆ. ಅದರ ಕೆಳಗೇ ಫೋನ್ ನಂಬರ್ ಇತ್ತಲ್ಲ. ಒಳ್ಳೇದು ಇಲ್ಲಿ ಸಿಗ್ತದೆ ಅಂತ ನೀನೇ ಆಕಿದ್ದೀಯ ಅಂದ್ಕಂಡೆ."

"ಅದು ಜಾಹೀರಾತು ಅಕ್ಕ. ಬರಹದಲ್ಲಿರೋ ಪದ ನೋಡಿ ಕಂಪ್ಯೂಟರೇ ಅಂಟಿಸ್ತದೆ. ಯಾರಾದ್ರೂ ಆ ನಂಬರ್ ಒತ್ತಿದ್ರೆ ನಂಗೆ ಕಾಸು ಬತ್ತದೆ."

ಅವರು ಕೇಳಿದರು: "ಅಂಗಾರೆ ನಾನು ಒತ್ತಿದ್ಕೂ ನಿಂಗೆ ಬಂತಾ?"

ಬಂದಿತ್ತು.

ಅವರು ಹೋದ ಮೇಲೆ ಜಾಹೀರಾತುಗಳನ್ನೆಲ್ಲ ಕಿತ್ತುಹಾಕಿದೆ. 'ಶುಂಠಿ' ಎಂಬ ಪದಕ್ಕೆ ಕಾಸು ಕೊಡುವವರಿದ್ದಾರೆ. 'ಕೊಳ್ಳಬೇಡಿ' ಎಂಬ ಪದಕ್ಕೆ ಯಾರೂ ಕೊಡುವುದಿಲ್ಲ.