ನೀಲವ್ವನ ಕಾರು, ನನ್ನ ಇಂಗ್ಲಿಷು

ಎಪ್ಪತ್ನಾಲ್ಕನೆಯ ವಯಸ್ಸಿನಲ್ಲಿ ಮೊಟ್ಟಮೊದಲ ಬಾರಿಗೆ ಕಾರು ಓಡಿಸಿದೆ. ಮೂರೇ ನಿಮಿಷದಲ್ಲಿ ನಾಲ್ಕು ಮರ, ಒಂದು ಹಾಲಿನಂಗಡಿ ಮತ್ತು ಒಂದು ಆಕಳಿಗೆ ಗುದ್ದಿದೆ. ಆಕಳು ಏನೂ ಆಗಿಲ್ಲವೆಂಬಂತೆ ಎದ್ದು ಹೋಯಿತು. ವಿಡಿಯೋ ಗೇಮಿನ ಆಕಳುಗಳಿಗೆ ಅದೊಂದು ಸೌಕರ್ಯ. ಆಡಿ ಸೋಲುವ ಮುದುಕಿಯರಿಗೆ ಅದಿಲ್ಲ.

ನಾನು ಗುಡ್ ಲೂಸರ್ ಅಲ್ಲ. ಕಾನ್ವೆಂಟಿನ ಸಿಸ್ಟರುಗಳು ಇದನ್ನು ರಿಪೋರ್ಟ್ ಕಾರ್ಡಿನಲ್ಲೇ ಬರೆದಿದ್ದರು. ಊಟಕ್ಕೆ ಮುಂಚಿನ ಪ್ರೇಯರ್, ಬೆನ್ನು ನೆಟ್ಟಗಿಟ್ಟು ನಡೆಯುವುದು, ಎಲ್ಲವನ್ನೂ ಕಲಿಸಿದರು; ಸೋತಾಗ ನಗುವುದೊಂದು ನನಗೆ ಹತ್ತಲಿಲ್ಲ. ಸೋತೆನೆಂದರೆ ನನ್ನ ಕನ್ನಡ ಎಲ್ಲಿಗೋ ಓಡಿಹೋಗುತ್ತದೆ, ಬಾಯಿಗೆ ಇಂಗ್ಲಿಷ್ ಬರುತ್ತದೆ. "ದಿಸ್ ಈಸ್ ನಾಟ್ ಫೇರ್!" ಗಜೇಂದ್ರಗಡದ ನಮ್ಮ ಓಣಿಯಲ್ಲಿ ಈ ಕೂಗು ಕೇಳಿಸಿದರೆ, ಚೌಕಾಬಾರದಲ್ಲಿ ನೀಲವ್ವ ಗೆದ್ದಳೆಂದೇ ಎಲ್ಲರಿಗೂ ಅರ್ಥ.

ನೀಲವ್ವ ಎದುರುಮನೆಯವಳು, ನಲವತ್ತು ವರ್ಷ ಸೀರೆ ನೇಯ್ದವಳು. ದಿನಾ ಸಂಜೆ ಅವಳ ಕಟ್ಟೆಯ ಮೇಲೆ ಕವಡೆ ಒಗೆದು ಜಗಳಾಡುವುದು ನಮ್ಮಿಬ್ಬರ ಪದ್ಧತಿ. ಎರಡು ವರ್ಷದ ಹಿಂದೆ ಸಂಧಿವಾತ ಅವಳ ಕೈಗೆ ಬಂದು ಕೂತಿತು. ಬೆರಳುಗಳು ಹಸಿಶುಂಠಿಯ ಹಾಗೆ ತಿರುಚಿಕೊಂಡವು. ಮಗ್ಗ ನಿಂತಿತು, ಕವಡೆಯೂ ನಿಂತಿತು.

"ನಿನ್ನ ಕವಡಿ ನಾನ ಒಗೀತೀನಿ ತಗೋ," ಎಂದೆ ನಾನು, ದೊಡ್ಡ ಮನಸ್ಸಿನವಳಂತೆ.

"ನನ್ನ ಕವಡಿ ನೀವ ಒಗಿಯೂದಾದ್ರ, ನನ್ನ ಸೋಲೂ ನೀವ ಸೋಲ್ರಿ ಅಕ್ಕೋರ!"

ಅವಳದೂ ನ್ಯಾಯವೇ. ಹಳೆಯ ಕಾಲದಲ್ಲಿ ಜೂಜಾಡಿ ರಾಜ್ಯ ಕಳೆದುಕೊಂಡ ರಾಜರೂ ದಾಳವನ್ನು ತಮ್ಮ ಕೈಯಾರೆ ಎಸೆದೇ ಕಳೆದುಕೊಂಡರು. ಸ್ವಂತ ಸೋಲಿಗೊಂದು ಮರ್ಯಾದೆಯುಂಟು.

ಆದರೆ ಅಂದಿನಿಂದ ನೀಲವ್ವ ಜಗಳಾಡುವುದನ್ನೇ ಬಿಟ್ಟಳು. ನಾನೇನು ಹೇಳಿದರೂ "ಹೌದ್ರಿ." ಒಮ್ಮೆ ಪರೀಕ್ಷೆ ಮಾಡಲೆಂದು, ನಮ್ಮ ಗಜೇಂದ್ರಗಡದ ಗುಡ್ಡಕ್ಕಿಂತ ನರಗುಂದದ ಗುಡ್ಡವೇ ಚೆಂದ ಎಂದೆ. ಅದಕ್ಕೂ "ಹೌದ್ರಿ."

ಇಂಥ ಹೊತ್ತಿನಲ್ಲಿ, ಅಂಗವಿಕಲರೂ ವಿಡಿಯೋ ಗೇಮ್ ಆಡುವಂತೆ ಮಾಡುವ ಸಂಸ್ಥೆಯೊಂದು ನೇಕಾರರ ಸೊಸೈಟಿಯ ಹಾಲಿಗೆ ಬರುತ್ತದೆಂದು ಸುದ್ದಿಯಾಯಿತು. ಔಷಧಿ, ಪೆನ್ಶನ್ ಎಲ್ಲ ಬಿಟ್ಟು ಗೇಮೇ? ಚಾರಿಟಿಗೂ ಹುಚ್ಚು ಹಿಡಿಯಿತೇ ಎಂದುಕೊಂಡೆ. ಆಮೇಲೆ ಆ "ಹೌದ್ರಿ" ನೆನಪಾಯಿತು. ನೀಲವ್ವನನ್ನು ಕರೆದುಕೊಂಡು ಹೋಗಿ ಲೈನಿನಲ್ಲಿ ಮೊದಲು ನಿಂತೆ.

ಸಂಸ್ಥೆಯ ಹುಡುಗಿ ಶಬಾನಾ ತಾನೇ ವ್ಹೀಲ್‌ಚೇರಿನಲ್ಲಿದ್ದಳು. ಅವಳ ಮುಂದಿನ ಟೇಬಲ್ಲಿನ ಮೇಲೆ ಗದ್ದದಿಂದ ಒತ್ತುವ ಗುಂಡಿ, ಊದಿದರೆ ಹೇಳಿದಂತೆ ಕೇಳುವ ನಳಿಗೆ, ರೊಟ್ಟಿಯಷ್ಟು ಅಗಲದ ಬಟನ್. ನೀಲವ್ವನ ಕೈ ನೋಡಿ ಏನಾಯಿತು, ಎಂದಾಯಿತು ಎಂದು ಅವಳು ಕೇಳಲಿಲ್ಲ.

"ಯಾವ್ದು ಚಲೋ ನಡೀತೈತ್ರಿ ಆಯಿ?" ಎಂದಳು.

ನೀಲವ್ವ ಕೆಳಗೆ ನೋಡಿಕೊಂಡಳು. "ಕಾಲು. ನಲವತ್ತು ವರ್ಷ ಮಗ್ಗ ತುಳದಾವು."

ಕಾಲಡಿಗೆ ಎರಡು ಪೆಡಲ್ ಬಂದವು. ಎಡದ್ದು ತುಳಿದರೆ ಪರದೆಯ ಮೇಲಿನ ಕಾರು ಎಡಕ್ಕೆ, ಬಲದ್ದು ತುಳಿದರೆ ಬಲಕ್ಕೆ. ಆದರೆ ಪೆಡಲ್‌ಗಳ ಮೇಲೆ ಅಕ್ಷರಗಳಿದ್ದವು. ನೀಲವ್ವ ಒಮ್ಮೆ ತುಳಿದಳು. ತುಳಿದ ಕೂಡಲೇ ಬಗ್ಗಿ, ಪೆಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅಷ್ಟರಲ್ಲಿ ಕಾರು ಕೆರೆಗೆ ಬಿತ್ತು. ಮತ್ತೆ ತುಳಿದಳು, ಮತ್ತೆ ನಮಸ್ಕಾರ, ಮತ್ತೆ ಕೆರೆ.

ನನಗೆ ನಗಲು ಹಕ್ಕಿರಲಿಲ್ಲ. ಕಾನ್ವೆಂಟಿನಲ್ಲಿ ಬೆಂಚಿನ ಕೆಳಗೆ ಬಿದ್ದ ಬೈಬಲ್ ಕಥೆಯ ಪುಸ್ತಕಕ್ಕೆ ಕಾಲು ತಾಗಿ, ಸಿಸ್ಟರ್ ಎದುರೇ ಕಣ್ಣಿಗೊತ್ತಿಕೊಂಡವಳು ನಾನು.

"ಅಕ್ಷರದ ಮ್ಯಾಲ ಟೇಪ್ ಅಂಟಸ್ಲೇನ್ರಿ ಆಯಿ?" ಎಂದಳು ಶಬಾನಾ.

"ಮುಚ್ಚಿದ್ರ ದೇವರಿಗೆ ಗೊತ್ತಾಗೂದಿಲ್ಲೇನವಾ?"

ಆಗ ನಾನು ಕೇಳಿದೆ: "ಮಗ್ಗಾನೂ ದೇವರ ಹೌದಲ್ಲ? ಅದನ್ನ ಹ್ಯಾಂಗ ತುಳೀತಿದ್ದಿ?"

"ಮುಂಜಾನಿ ಪೂಜಿ ಮಾಡಿ, ಅಪ್ಪಣಿ ಕೇಳಿ ತುಳೀತಿದ್ದೆ."

"ಇದರದೂ ಕೇಳು ಮತ್ತ."

ಪಕ್ಕದ ಮನೆಯಿಂದ ಕುಂಕುಮ ಬಂತು, ಹೂವು ಬಂತು, ಒಂದು ತಂಬಿಗೆ ನೀರೂ ಬಂತು. "ನೀರು ಬ್ಯಾಡ್ರಿ ಆಯಿ, ವೈರ್ ಅದಾವು!" ಎಂದು ಶಬಾನಾ ಚೀರಿದಳು. ನೀಲವ್ವ ಬಾಗಿದ ಬೆರಳಿನ ಗೆಣ್ಣಿನಿಂದಲೇ ಎರಡೂ ಪೆಡಲ್‌ಗೆ ಕುಂಕುಮವಿಟ್ಟು, ಒಂದೇ ಸಲ ಕೈಮುಗಿದು, ಕಾಲಿಟ್ಟಳು. ಎಡ, ಬಲ, ಎಡ, ಬಲ. ಮಗ್ಗದ ಲಯ. ಕಾರು ಸೀರೆಯ ಅಂಚಿನ ಹಾಗೆ ನೆಟ್ಟಗೆ ಹೊರಟಿತು.

ಎರಡನೆಯ ಕಾರು ನನ್ನದು. ಲೇಡಿಯಂತೆ ಮೆಲ್ಲಗೆ ಸೋತುಕೊಡಬೇಕೆಂದು ನನ್ನ ಪ್ಲಾನ್. ಅದಕ್ಕೆ ಅವಕಾಶವೇ ಸಿಗಲಿಲ್ಲ. ನಾಲ್ಕು ಮರ, ಆಕಳು ಎಲ್ಲ ಆಗ ಆದದ್ದು.

ನೀಲವ್ವ ಪೆಡಲಿನಿಂದ ಕಾಲು ತೆಗೆದುಬಿಟ್ಟಳು. "ಬೇಕಂತ ಸೋತ್ರಿ, ಹೌದಿಲ್ಲೋ ಅಕ್ಕೋರ?"

"ಖರೇನ ಸೋತೆ ನೀಲವ್ವಾ, ಆಣಿ ಮಾಡ್ತೀನಿ!"

"ಹೌದ್ರಿ," ಎಂದಳು. ಅದೇ "ಹೌದ್ರಿ." ಮುಖ ಬಾಡಿತ್ತು. ಕರುಣೆಯ ಗೆಲುವನ್ನು ಅವಳಿಗೆ ಕಟ್ಟಿದ್ದೆನೆಂದು ಅವಳ ಲೆಕ್ಕ.

ಇನ್ನೊಂದೇ ಆಟ ಎಂದು ಕಾಡಿ ಬೇಡಿ ಕೂರಿಸಿದೆ. ಈ ಸಲ ಮುಕ್ಕಾಲು ದಾರಿ ನಾನೇ ಮುಂದೆ! ಗೆಲ್ಲುವ ಆಸೆ ಯಾವಾಗ ಹತ್ತಿತೋ, ಚಾರಿಟಿಯೆಲ್ಲ ಮರೆತೇಹೋಯಿತು. ಕೊನೆಯ ತಿರುವಿನಲ್ಲಿ ಅವಳ ಕಾರು ನನ್ನದನ್ನು ಸವರಿಕೊಂಡು ಮುಂದೆ ಹೋಯಿತು. ನನ್ನದು ಮತ್ತೆ ನೇರ ಹಾಲಿನಂಗಡಿಗೆ.

"ದಿಸ್ ಈಸ್ ನಾಟ್ ಫೇರ್! ಶಬಾನಾ, ದಿಸ್ ಥಿಂಗ್ ಈಸ್ ಡಿಫೆಕ್ಟಿವ್!"

ನೀಲವ್ವ ನನ್ನ ಮುಖ ನೋಡಿದಳು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದಳು. "ಇಂಗ್ಲಿಷ್ ಬಂತವಾ! ಖರೇನ ಸೋತಾರ!"

ಆ ಪೆಡಲ್‌ಗಳು ಈಗ ಸೊಸೈಟಿಯಲ್ಲೇ ಇವೆ, ಕುಂಕುಮದ ಸಮೇತ. ನಿನ್ನೆ ಸಂಜೆ ಕಟ್ಟೆಯ ಮೇಲೆ ಕೂತು, "ಮಳಿ ಬರೂಹಂಗ ಐತಿ" ಎಂದೆ.

"ಎಲ್ಲೀ ಮಳಿರಿ? ನಿಮ್ಮ ಕಣ್ಣಿಗೆ ಪೊರಿ ಬಂದೈತಿ. ಲಗೂನ ದವಾಖಾನಿಗೆ ಹೋಗ್ರಿ," ಎಂದಳು ನೀಲವ್ವ.

ಇಷ್ಟು ಚೆಂದದ ಬೈಗುಳ ಕೇಳಿ ಎರಡು ವರ್ಷವಾಗಿತ್ತು. ಥ್ಯಾಂಕ್ ಯೂ ಎನ್ನಬೇಕೆನಿಸಿತು. ಆದರೆ ಇಂಗ್ಲಿಷ್ ಕೇಳಿದರೆ ಮತ್ತೆ ಸೋತೆನೆಂದು ಓಣಿಗೆಲ್ಲ ಸಾರಿಯಾಳೆಂದು ಬಾಯಿ ಮುಚ್ಚಿಕೊಂಡೆ.