ನಡುಚಕ್ರದ ಹೆಸರು

ಬಸಿಲಿಯಾಳಿಗೆ ಹದಿನೈದಾಗಿದ್ದಾಗ ತಾಯಿ ಡಿಯೋಲಿಂಡಾ ಇಬ್ಬರು ಹೆಣ್ಣುಮಕ್ಕಳನ್ನೂ ಕೂರಿಸಿಕೊಂಡು ಅವರ ಅಂಗೈ ಮೇಲೆ ರೇಷ್ಮೆಯ ಎಳೆಯೊಂದನ್ನು ಹಾಯಿಸಿದಳು. ಆ ಮನೆಯಲ್ಲಿ ಅಜ್ಜಿಯ ಕಾಲದಿಂದಲೂ ಕಸೂತಿಗೆ ಕೂರುವ ಕೈಯನ್ನು ಆರಿಸುವ ಪರೀಕ್ಷೆ ಅದೊಂದೇ. ತಂಗಿ ಸುನಿಲ್ಡಾಳ ಕೈಯ ಮೇಲೆ ಎಳೆ ನೀರಿನಂತೆ ಜಾರಿತು. ಬಸಿಲಿಯಾಳ ಕೈಗೆ ಸಿಕ್ಕಿಕೊಂಡಿತು. ಏಳನೇ ವಯಸ್ಸಿನಿಂದ ಮರಗೆಣಸು ತುರಿದು, ತಮ್ಮ ಕ್ರಿಸ್ಪಿನನ ಬಟ್ಟೆ ಉಜ್ಜಿದ ಕೈಗೆ ಸಿಕ್ಕದೆ ಇನ್ನೇನು? ಅದನ್ನು ಯಾರೂ ಕೇಳಲಿಲ್ಲ. ಕಸೂತಿಯ ಚೌಕಟ್ಟು ತಂಗಿಯ ಪಾಲಾಯಿತು, ಒಲೆ ಅಕ್ಕನ ಪಾಲಾಯಿತು. ಪುರುಸೊತ್ತಾದಾಗ ಅಕ್ಕ ಅಂಚು ಹಾಕಬಹುದಿತ್ತು.

ಅವರ ಊರು ಇಟಾಗುವಾದಲ್ಲಿ ಜೇಡರಬಲೆಯ ಕಸೂತಿಗೆ ಹೆಸರು ಬರುವುದು ನಡುಚಕ್ರ ಹಾಕಿದವಳಿಂದ. ಅಂಚಿಗೆ ಹೆಸರಿಲ್ಲ. ಬಸಿಲಿಯಾ ಮದುವೆಯಾಗಿ ಹೋದಳು, ಗಂಡ ಸತ್ತ ಮೇಲೆ ತಿರುಗಿ ಬಂದಳು. ಎರಡೂ ಕಡೆ ಒಲೆಯೇ. ಆ ಮೂವತ್ತನಾಲ್ಕು ವರ್ಷದಲ್ಲಿ ತವರಿನಲ್ಲಿದ್ದಷ್ಟು ಕಾಲವೂ, ಊರವರು ಬಾಗಿಲಿಗೆ ಬಂದು, "ಸುನಿಯ ಕೈ ನೋಡ್ರೇ, ದೇವರು ಕೊಟ್ಟಿದ್ದು!" ಎನ್ನುವಾಗ ಅವಳು ಒಳಗೆ ಪಾತ್ರೆಯನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದಳು. ದೇವರು ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು ಎಂದು ಹೊಟ್ಟೆ ಉರಿಯುತ್ತಿತ್ತು.

ಆ ವರ್ಷ ಇಗರ್ಜಿಯ ಹೆಂಗಸರು ಕನ್ಯಾಮಾತೆಯ ಮೇಲುಹೊದಿಕೆಯನ್ನು ಈ ಮನೆಗೇ ಒಪ್ಪಿಸಿದರು. ಹಬ್ಬದ ದಿನ ಇಡೀ ಊರು ನೋಡುವ ನಡುಚಕ್ರ. ಅದಕ್ಕೆ ಮೊದಲು ಅಂಚೆಲ್ಲ ಮುಗಿಯಲು ಆರು ವಾರ ಬೇಕಿತ್ತು.

ಮರುದಿನವೇ ಬಸಿಲಿಯಾ ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು.

"ಏನಾಯ್ತೇ?" ಎಂದಳು ತಾಯಿ.

"ಉಗುರುಸುತ್ತು. ಬೆರಳಿಂದ ಬೆರಳಿಗೆ ಹಬ್ಬಿದೆ. ನೀರು ಮುಟ್ಟೋ ಹಾಗಿಲ್ಲ."

"ಒಂದೇ ಸಲ ಹತ್ತು ಬೆರಳಿಗೂ?"

"ನನಗೆ ಬಂದಿದ್ದೆಲ್ಲ ಹಂಗೇ ಅಲ್ವೇನಮ್ಮಾ, ಒಟ್ಟಿಗೇ ಬರತ್ತೆ."

ತಣ್ಣನೆಯ ತೆರೆರೆ ಪಾನೀಯ ಹೀರುತ್ತಾ ಕೂತಿದ್ದ ಕ್ರಿಸ್ಪಿನ್, "ಹಂಗಾದ್ರೆ ನನ್ನ ಅಂಗಿ?" ಎಂದ.

"ನಿಂಗೂ ಎರಡು ಕೈ ಇದೆಯಲ್ಲಪ್ಪ, ಅದಕ್ಕೇನು ಕಾಯಿಲೆ?" ಎಂದಳು ಬಸಿಲಿಯಾ.

ಅವನು ನಕ್ಕು ಎದ್ದುಹೋದ. ಅಂಗಿಗಳು ಸುನಿಲ್ಡಾಳ ಪಾಲಿಗೆ ಬಂದವು. ಮರಗೆಣಸೂ ಬಂತು, ಬೂದಿಯೂ ಬಂತು. ಅಂಚು ಹಾಕಲು ಅಕ್ಕಪಕ್ಕದವರು ಬಂದರು. ಬಸಿಲಿಯಾ ಬಟ್ಟೆಯೊಳಗೆ ದನದ ಕೊಬ್ಬು ಸವರಿಕೊಂಡು ನೆರಳಲ್ಲಿ ಕೂತು, ತಂಗಿಯ ಬೆರಳು ಕೆಂಪಾಗುವುದನ್ನೂ, ಆಮೇಲೆ ಬಿರಿಯುವುದನ್ನೂ ನೋಡಿದಳು. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ನಡುಚಕ್ರ ಶುರುವಾಗುವ ಬೆಳಿಗ್ಗೆ ಅವಳು ಬಟ್ಟೆ ಬಿಚ್ಚಿ ತಾಯಿಯ ಮುಂದೆ ಕೈ ಚಾಚಿದಳು. "ಎಳೆ ಹಾಯಿಸಮ್ಮಾ. ಇಬ್ಬರಿಗೂ."

ಡಿಯೋಲಿಂಡಾ ಹಾಯಿಸಿದಳು. ಈ ಸಲ ಎಳೆ ಸಿಕ್ಕಿಕೊಂಡದ್ದು ಸುನಿಲ್ಡಾಳ ಹೆಬ್ಬೆರಳಿಗೆ. ಮುದುಕಿ ಬಿಡಿಸಿ ಮತ್ತೆ ಹಾಯಿಸಿದಳು, ಮತ್ತೆ ಸಿಕ್ಕಿಕೊಂಡಿತು. ಕೊನೆಗೆ ಸೂಜಿಯನ್ನು ಹಿರಿಯವಳ ಕಡೆ ಸರಿಸಿದಳು.

"ಉಗುರುಸುತ್ತಂತೆ!" ಎಂದಳು ಸುನಿಲ್ಡಾ. "ನೀನು ಕಳ್ಳಿ ಕಣೇ ಅಕ್ಕ."

"ಹೌದು," ಎಂದು ಬಸಿಲಿಯಾ ಚೌಕಟ್ಟಿನ ಮುಂದೆ ಕೂತಳು.

ಹಾಕಬೇಕಾದದ್ದು ಸೀಬೆ ಹೂವಿನ ಚಕ್ರ. ನಡುವಿನಿಂದ ಕಿರಣದಂತೆ ಎಳೆ ಬಿಗಿದು ಸುತ್ತುತ್ತಾ ಬರಬೇಕು. ಎಳೆ ಜಾರುತ್ತಿತ್ತು, ಕೈ ಮಾತ್ರ ದಾರಿ ಕಾಣದೆ ನಿಲ್ಲುತ್ತಿತ್ತು. ಮೂರನೇ ಸುತ್ತಿಗೆ ಹೂವು ಒಂದು ಕಡೆಗೆ ವಾಲಿತು. ಬಿಚ್ಚಿದಳು. ಮತ್ತೆ ವಾಲಿತು. ಕೊಬ್ಬು ಸವರಿದರೆ ಅಂಗೈ ಮೆತ್ತಗಾಗುತ್ತದೆ; ಚೌಕಟ್ಟಿನ ಮುಂದೆ ಕೂರದ ಮೂವತ್ತನಾಲ್ಕು ವರ್ಷವನ್ನು ಎಲ್ಲಿಂದ ತರುವುದು? ತಂಗಿಯ ಮೇಲೆ ಈಗ ಬಂದ ಹೊಟ್ಟೆಕಿಚ್ಚಿನ ಮುಂದೆ ಹಿಂದಿನದೆಲ್ಲ ಏನೂ ಅಲ್ಲ.

ಬೆನ್ನ ಹಿಂದೆ ಸಾಬೂನಿನ ವಾಸನೆ ಬಂತು. ಸುನಿಲ್ಡಾ ಒದ್ದೆ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಮುಟ್ಟಿದರೆ ರೇಷ್ಮೆ ಸಿಕ್ಕಿಕೊಳ್ಳುತ್ತದೆಂದು ಅವಳಿಗೂ ಗೊತ್ತು.

"ಎರಡು ದಾಟಿಸು, ಒಂದು ಬಿಡು. ನೀನು ಎಲ್ಲಾನೂ ಬಿಗೀತಿದ್ದೀಯ."

ಬಸಿಲಿಯಾ ತಿರುಗಲಿಲ್ಲ. ಎರಡು ದಾಟಿಸಿದಳು, ಒಂದು ಬಿಟ್ಟಳು. ದಳವೊಂದು ನೆಟ್ಟಗೆ ನಿಂತಿತು.

"ಆಮೇಲೆ?"

"ಆಮೇಲಿಂದು ಸುಮ್ಮನೆ ಹೇಳ್ತೀನಾ? ಯಾರು ಹಾಕಿದ್ದು ಅಂತ ಊರವರು ಕೇಳಿದ್ರೆ ಏನಂತೀಯ?"

ಬಸಿಲಿಯಾ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಆ ಒಂದು ಹೆಸರಿಗಾಗಿಯೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು.

"ಇಬ್ಬರೂ ಅಂತೀನಿ," ಎಂದಳು ಕೊನೆಗೆ, ಹಲ್ಲು ಕಿತ್ತು ಕೊಟ್ಟವಳಂತೆ. "ಆದ್ರೆ ನನ್ನ ಹೆಸರು ಮೊದಲು."